ಬೇರೆಯವರ ಕಾರಿನ 40 ಮೈಕ್ರಾನ್

ಪಾಲಿಶ್ ಮಾಡಿಸೋಕೆ ಅಂತ ಕಾರು ತಂದು ಬಿಡುವವರಲ್ಲಿ ಕೆಲವರು ಒಂದು ಪ್ರಶ್ನೆ ಕೇಳುತ್ತಾರೆ. "ಮೆಷಿನ್ ನನ್ ಹತ್ರನೂ ಇದೆ. ಪ್ಯಾಡು, ಉಜ್ಜೋ ಕಾಂಪೌಂಡು ಎಲ್ಲಾ ನಿಮ್ ಬ್ರ್ಯಾಂಡೇ. ಮತ್ತೆ ನಿಮಗ್ಯಾಕೆ ಹದಿನೈದು ಸಾವಿರ ಕೊಡ್ಬೇಕು?" ಕೇಳಬೇಕಾದ ಪ್ರಶ್ನೆಯೇ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಈಗ ಮೈಸೂರು ರಸ್ತೆ ಕಡೆಯ ಒಂದು ಡಿಟೇಲಿಂಗ್ ಸ್ಟುಡಿಯೋದಲ್ಲಿ, ಅಂದರೆ ಕಾರು ತೊಳೆದು, ಪೇಂಟಿನ ಗೀರು ತೆಗೆದು, ಕೋಟಿಂಗ್ ಹಾಕಿ ಕೊಡುವ ಕಡೆ, ಇದೇ ನನ್ನ ಹೊಟ್ಟೆಪಾಡು. ನಡುವೆ ಏನೇನು ಕಲಿಯಬೇಕಾಯಿತು ಅಂತ ಬರೆಯುತ್ತೇನೆ. ಹೊಳಪಿನ ವಿಷಯ ಅದರಲ್ಲಿ ಕಮ್ಮಿಯೇ.

ಮೊದಲು ನಾನು ರಾಜಾಜಿನಗರದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿದ್ದೆ. ಶೀಟಿನ ಮೇಲೆ ಬಣ್ಣ ಸರಿಯಾಗಿ ಬಿದ್ದಿದೆಯಾ ಅಂತ ಲೆನ್ಸ್ ಹಿಡಿದು ನೋಡುವ ಕೆಲಸ. ಆ ಚಾಳಿ ಮನೆಗೂ ಬಂತು. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡ ಮೇಲೆ ಬಿಸಿಲಿನಲ್ಲಿ ನೋಡಿದರೆ ಬಾನೆಟ್ ತುಂಬಾ ಸುತ್ತುಸುತ್ತಾಗಿ ಸಣ್ಣ ಗೀರು. ಹಿಂದಿನ ಮಾಲೀಕರ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಕಾರು ಒರೆಸಲು ಒಬ್ಬರು ಬರುತ್ತಿದ್ದರಂತೆ. ಒಂದೇ ಬಕೆಟ್ಟು, ಒಂದೇ ಬಟ್ಟೆ, ಸಾಲಾಗಿ ಇಪ್ಪತ್ತು ಕಾರು. ಮೊದಲನೇ ಕಾರಿನ ಧೂಳೇ ಕೊನೇ ಕಾರಿನವರೆಗೂ ಉಪ್ಪುಕಾಗದದ ಕೆಲಸ ಮಾಡಿರುತ್ತೆ. ಅವರನ್ನು ಬೈದೂ ಪ್ರಯೋಜನ ಇಲ್ಲ ಬಿಡಿ. ಆ ಸಂಬಳಕ್ಕೆ ಕಾರಿಗೊಂದು ಬಟ್ಟೆ ಯಾರು ಬದಲಾಯಿಸುತ್ತಾರೆ?

ಜೆ.ಸಿ. ರಸ್ತೆಯಲ್ಲಿ ಅಲೆದಾಡಿ ಒಂದು ಡ್ಯುಯಲ್ ಆಕ್ಷನ್ ಪಾಲಿಶರ್ ತಂದೆ. ನಾವೆಲ್ಲ ಅದನ್ನು ಡಿಎ ಅಂತೀವಿ. ಎರಡು ಬಕೆಟ್ ಪದ್ಧತಿ ಕಲಿತೆ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಎರಡರ ತಳದಲ್ಲೂ ಕೆಸರು ಮೇಲೆ ಬರದ ಹಾಗೆ ಜಾಲರಿ. ಭಾನುವಾರಗಳು ಅದರಲ್ಲೇ ಕಳೆದವು. ಭಾವನ ಕಾರು, ಗೆಳೆಯರ ಕಾರು, ಪಕ್ಕದ ಮನೆಯವರ ಕಾರು. ಎಲ್ಲರೂ "ಸೂಪರ್" ಅಂದರು. ನಿಜಕ್ಕೂ ಚೆನ್ನಾಗೇ ಆಗುತ್ತಿತ್ತು. ಹವ್ಯಾಸಕ್ಕೆ ಮಾಡುವವರ ಕೆಲಸ ಕೀಳು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಒಂದೇ ಬಾನೆಟ್ಟಿಗೆ ಶನಿವಾರ ಭಾನುವಾರ ಎರಡೂ ಸುರಿಯುವವನ ಎದುರು ಗಡಿಯಾರ ನೋಡಿಕೊಂಡು ಮಾಡುವ ಸ್ಟುಡಿಯೋ ಕೆಲಸ ಎಷ್ಟೋ ಸಲ ಸಪ್ಪೆ ಕಾಣುತ್ತೆ.

ಪ್ರೆಸ್ಸಿನಲ್ಲಿ ಕೆಲಸ ಕಮ್ಮಿಯಾಗುತ್ತಾ ಬಂತು. ಗೆಳೆಯನೊಬ್ಬ ಸ್ಟುಡಿಯೋ ಮಾಲೀಕರ ಪರಿಚಯ ಮಾಡಿಸಿದ. ಸೇರಿಕೊಂಡೆ. ಸಂಬಳ ಅರ್ಧಕ್ಕೆ ಇಳಿಯಿತು. ಅದಕ್ಕೆ ಮನೆಯಲ್ಲಿ ಏನಾಯಿತು ಅನ್ನೋದು ಇಲ್ಲಿ ಬೇಡ.

ಅಲ್ಲಿ ಕೆಲಸ ಕಲಿಸುತ್ತಿದ್ದವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಿದ್ದರು. ಶಿವಾಜಿನಗರದ ಟಿಂಕರಿಂಗ್ ಶೆಡ್ಡುಗಳಲ್ಲಿ ಎಷ್ಟೋ ವರ್ಷ ಪೇಂಟ್ ಹೊಡೆದು ಆಮೇಲೆ ಈ ಕಡೆ ಬಂದವರು. ನಾವೆಲ್ಲ ಪೇಂಟನ್ನು ಮೇಲಿಂದ ನೋಡಿದವರು, ಅವರು ತಗಡಿನಿಂದ ಮೇಲಕ್ಕೆ ನೋಡಿದವರು. ಮೊದಲ ದಿನವೇ ನನ್ನ ಡಿಎ ಬ್ಯಾಗ್ ನೋಡಿ ನಕ್ಕರು. "ಅದು ಒಳಗಿರ್ಲಿ. ಮೊದ್ಲು ನೀರು ಹಾಕೋದು ಕಲಿ ಬಾ."

ತೊಳೆಯೋದರಲ್ಲಿ ಏನಿದೆ ಕಲಿಯೋಕೆ ಅಂದುಕೊಂಡಿದ್ದೆ. ತಿಂಗಳುಗಟ್ಟಲೆ ಅದನ್ನೇ ಮಾಡಿದೆ. ಚಕ್ರ ಮೊದಲು, ಅದಕ್ಕೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಚಕ್ರಕ್ಕೂ ಪೇಂಟಿಗೂ ಕೂತಿರುತ್ತೆ. ಐರನ್ ರಿಮೂವರ್ ಸಿಂಪಡಿಸಿದರೆ ಅದು ಕರಗಿ ನೇರಳೆ ಬಣ್ಣದಲ್ಲಿ ಇಳಿಯುತ್ತೆ. ಆಮೇಲೂ ಅಂಗೈ ಆಡಿಸಿದರೆ ತರಿತರಿ ಅನ್ನಿಸಿದರೆ ಕ್ಲೇ, ಅಂದರೆ ಅಂಟಿಕೊಂಡ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ. ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಬಟ್ಟೆ ಮತ್ತೆ ಪೇಂಟ್ ಮುಟ್ಟುವ ಹಾಗಿಲ್ಲ, ಟೈರಿಗೆ ಇಳಿಯಬೇಕು. ಕೆಲವರು ಯಾರೂ ನೋಡಲಿಲ್ಲ ಅಂತ ಕೊಡವಿ ಮತ್ತೆ ಬಳಸುತ್ತಾರೆ. ಭಾಯ್ ಇರುವಾಗ ಅದು ನಡೆಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ನೀರೇ ದೊಡ್ಡ ಪಾಠ. ನಮ್ಮದು ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು. ಬಿಸಿಲಿನಲ್ಲಿ ಬಾನೆಟ್ ಮೇಲೆ ಒಣಗಿದರೆ ಸುಣ್ಣದ ಬಿಳಿ ವೃತ್ತಗಳು ನಿಲ್ಲುತ್ತವೆ. ಬೇಗ ತೆಗೆದರೆ ಹೋಗುತ್ತವೆ, ವಾರಗಟ್ಟಲೆ ಬಿಟ್ಟರೆ ಪೇಂಟನ್ನೇ ತಿಂದಿರುತ್ತವೆ. ಹಾಗಾಗಿ ಕೊನೆಯ ನೀರು ಫಿಲ್ಟರ್ ಆದದ್ದೇ ಆಗಬೇಕು, ಒರೆಸುವುದು ನೆರಳಲ್ಲೇ ಆಗಬೇಕು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಮನೆಯಲ್ಲಿ ಖುಷಿಗೆ ತೊಳೆಯುವವರು ಪೈಪ್ ಸುತ್ತಿಟ್ಟು ಸುಮ್ಮನಾದರು. ನಮಗೆ ಸುಮ್ಮನಾಗೋಕೆ ಆಗುತ್ತಾ? ಬಾಡಿಗೆ ನಿಲ್ಲಲ್ಲ. ರಿನ್ಸ್‌ಲೆಸ್ ವಾಶ್ ಅಂತ ಒಂದು ವಿಧಾನ ಇದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ದ್ರಾವಣ, ಹತ್ತು ಹನ್ನೆರಡು ಬಟ್ಟೆ. ಪ್ರತಿ ಮಗ್ಗುಲಿಗೂ ಹೊಸ ಬಟ್ಟೆ, ಒತ್ತಡವೇ ಇಲ್ಲದ ಹಾಗೆ ಒಂದೇ ದಿಕ್ಕಿಗೆ ಎಳೆಯೋದು. ಆ ಬೇಸಿಗೆಯಲ್ಲಿ ನಾವು ಬದುಕಿದ್ದು ಅದರಿಂದಲೇ. ಕೆಸರು ಮೆತ್ತಿದ ಗಾಡಿಗೆ ಮಾತ್ರ ಅದು ಆಗಲ್ಲ. ಅಂಥವರನ್ನು ವಾಪಸ್ ಕಳಿಸಿದೆವು.

ಮೆಷಿನ್ ಕೈಗೆ ಬಂದದ್ದು ಆಮೇಲೆ, ಅದೂ ನಾನು ಅಂದುಕೊಂಡ ಹಾಗಲ್ಲ. ಸ್ಟುಡಿಯೋ ಹಿಂದೆ ಗುಜರಿಯಿಂದ ತಂದ ಬಾನೆಟ್‌ಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಭಾಯ್ ಒಂದು ನೀಲಿ ಬಾನೆಟ್ಟನ್ನು ಸ್ಟ್ಯಾಂಡ್ ಮೇಲೆ ಹಾಕಿ, ನನ್ನ ಕೈಗೆ ಡಿಎ ಅಲ್ಲ, ರೋಟರಿ ಕೊಟ್ಟರು. "ಇದನ್ನ ಸುಡು."

"ಏನ್ ಭಾಯ್?"

"ಪೇಂಟ್ ಹೋಗೋವರೆಗೂ ಬಿಡ್ಬೇಡ. ಹೋಗೋದು ಹೆಂಗೆ ಅಂತ ಕೈಗೆ ಗೊತ್ತಾಗ್ಬೇಕು."

ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ತೋರಿಸಿದರು. ಬಾನೆಟ್ ಮಧ್ಯೆ 118 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಉಬ್ಬಿದ ಗೆರೆಯ ಮೇಲೆ 96. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 140ರ ಒಳಗೆ ಇರುತ್ತೆ. ಅದರಲ್ಲಿ ಪ್ರೈಮರ್ ಇದೆ, ಬಣ್ಣ ಇದೆ. ಎಲ್ಲಕ್ಕಿಂತ ಮೇಲಿನ, ಬಣ್ಣವಿಲ್ಲದ ಕ್ಲಿಯರ್ ಕೋಟ್ 40 ಮೈಕ್ರಾನ್ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ನಮ್ಮ ಆಟ ಎಲ್ಲಾ ಅದರೊಳಗೇ. ಗೀರು ತೆಗೆಯೋದು ಅಂದರೆ ಗೀರು ತುಂಬೋದಲ್ಲ, ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರನ್ನು ಸವೆಸೋದು. ಮೆತ್ತನೆ ಪಾಲಿಶ್ ಒಂದೆರಡು ಮೈಕ್ರಾನ್ ತಿನ್ನುತ್ತೆ, ಗಟ್ಟಿ ಕಾಂಪೌಂಡ್ ಇನ್ನೂ ಜಾಸ್ತಿ. ಹೋದದ್ದು ವಾಪಸ್ ಬರಲ್ಲ.

ರೋಟರಿ ಒಂದೇ ಅಚ್ಚಿನ ಮೇಲೆ ತಿರುಗುತ್ತೆ, ಕಾವೆಲ್ಲ ಒಂದೇ ಕಡೆ ನಿಲ್ಲುತ್ತೆ. ಡಿಎ ತಿರುಗುತ್ತಾ ಅಲ್ಲಾಡುತ್ತೆ, ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗೋದೇ ನಿಲ್ಲಿಸಿ ನಮ್ಮನ್ನು ಕಾಪಾಡುತ್ತೆ. ರೋಟರಿ ಕಾಪಾಡಲ್ಲ. ಪ್ಯಾಡನ್ನು ಉಬ್ಬಿದ ಗೆರೆಯ ಮೇಲೆ ನಿಲ್ಲಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಮುಂಗೈ ಇಟ್ಟರೆ ಬೆಚ್ಚಗೆ. ಇನ್ನೂ ಸ್ವಲ್ಪ ಹೊತ್ತಿಗೆ ಇಡಲಾಗಲಿಲ್ಲ. ಆಶ್ಚರ್ಯ ಅಂದರೆ ಆ ಜಾಗ ಆಗ ಇಡೀ ಬಾನೆಟ್ಟಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು. ಎಲ್ಲಾ ಸರಿ ಇದೆ ಅಂತಲೇ ಕಾಣುತ್ತೆ. ಆಮೇಲೆ ಕರಟಿದ ವಾಸನೆ. ಬಿಳಿ ಪ್ಯಾಡಿನ ಅಂಚಿಗೆ ನೀಲಿ ಬಂತು. ಎತ್ತುವಷ್ಟರಲ್ಲಿ ಗೆರೆಯ ಉದ್ದಕ್ಕೂ ಬೂದು ಬಣ್ಣದ ಪ್ರೈಮರ್ ಹಲ್ಲು ಕಿರಿಯುತ್ತಿತ್ತು. ನೀಲಿ ಬರೋದಕ್ಕೂ ಪ್ರೈಮರ್ ಬರೋದಕ್ಕೂ ನಡುವೆ ಉಸಿರು ಬಿಡುವಷ್ಟೂ ಸಮಯ ಇರಲಿಲ್ಲ.

"ಇನ್ನೊಂದು ಸಲ, ಈ ಕಡೆ," ಅಂದರು ಭಾಯ್. ಒಂದೊಂದು ಬಾನೆಟ್ ಮುಗಿದ ಹಾಗೂ ಎಲ್ಲಿ ನಿಲ್ಲಬೇಕು ಅನ್ನೋದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯತೊಡಗಿತು. ಮನೆಯಲ್ಲಿ ಕಲಿಯುವವನಿಗೆ ಈ ಪಾಠ ಸಿಗೋದೇ ಇಲ್ಲ. ಸ್ವಂತ ಕಾರಿನ ಬಾನೆಟ್ಟನ್ನು ಬೇಕಂತಲೇ ಯಾರು ಸುಡುತ್ತಾರೆ? ಅವನು ಅಂದಾಜಿನ ಮೇಲೆ ಹುಷಾರಾಗಿರುತ್ತಾನೆ, ಒಂದೋ ತುಂಬಾ ಬೇಗ ನಿಲ್ಲಿಸುತ್ತಾನೆ, ಇಲ್ಲ ಅದೃಷ್ಟ ನೆಚ್ಚಿಕೊಂಡು ಮುಂದೆ ಹೋಗುತ್ತಾನೆ.

ಮೀಟರಿಗೂ ಒಂದು ಮಿತಿ ಇದೆ. ನಾವು ಬಳಸುವ ಥರದ್ದು ಒಟ್ಟು ದಪ್ಪ ಹೇಳುತ್ತೆ, ಅದರಲ್ಲಿ ಕ್ಲಿಯರ್ ಎಷ್ಟು ಉಳಿದಿದೆ ಅಂತ ಹೇಳಲ್ಲ. ಪ್ಲಾಸ್ಟಿಕ್ ಬಂಪರ್ ಮೇಲಂತೂ ಕೆಲಸವೇ ಮಾಡಲ್ಲ, ಅದಕ್ಕೆ ಕೆಳಗೆ ಲೋಹ ಬೇಕು. ಬಂಪರ್ ಕಾವನ್ನೂ ಬೇಗ ಬಿಟ್ಟುಕೊಡಲ್ಲ. ಅಳತೆಯೂ ಇಲ್ಲ, ಕಾವೂ ಜಾಸ್ತಿ. ಹೆಚ್ಚಿನ ಅನಾಹುತ ಅಲ್ಲೇ ನಡೆಯೋದು.

ಗಿರಾಕಿಯ ಕಾರು ಒಳಗೆ ಬಂದ ಮೇಲೆ ಬೇರೆಯೇ ಕಥೆ. ನೀರು ಹಾಕುವ ಮೊದಲೇ ಸುತ್ತ ಒಂದು ಪ್ರದಕ್ಷಿಣೆ. ಪ್ರತಿ ಡೆಂಟಿಗೂ ಗೀರಿಗೂ ಫೋಟೋ. ಪ್ರತಿ ಪ್ಯಾನಲ್ಲಿನಲ್ಲಿ ನಾಲ್ಕೈದು ಕಡೆ ಮೀಟರ್ ಇಟ್ಟು ಜಾಬ್ ಕಾರ್ಡಿನಲ್ಲಿ ನಂಬರ್. ಡಿಕ್ಕಿಯಲ್ಲಿ ಏನಿದೆ, ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟ್ ಉರಿಯುತ್ತಿದೆ, ಎಲ್ಲಾ ಬರೆದು ಸಹಿ. ನನಗೆ ಇದು ಗುಮಾಸ್ತನ ಕೆಲಸ ಅನ್ನಿಸುತ್ತಿತ್ತು. ಈ ಕೆಲಸದ ಬೆಲೆ ತಿಳಿದದ್ದು ಒಂದು ಶನಿವಾರ.

ಗಂಡ ಹೆಂಡತಿ ಬಂದಿದ್ದರು. ಹೊಸದಾಗಿ ಕೊಂಡ ಹಳೇ ಸೆಡಾನ್, ಪೂರ್ತಿ ಪಾಲಿಶ್ ಮಾಡಿ ಸೆರಾಮಿಕ್ ಹಾಕಬೇಕು, ಅಂದರೆ ಪೇಂಟ್ ಮೇಲೆ ಹಚ್ಚಿದರೆ ಗಟ್ಟಿಯಾಗಿ ಕೂರುವ ತೆಳು ಕೋಟಿಂಗ್. ಬಾನೆಟ್ 112, ಮುಂದಿನ ಡೋರ್ 120. ಹಿಂದಿನ ಎಡ ಡೋರಿಗೆ ಇಟ್ಟರೆ 340. ಅದರ ಪಕ್ಕದ ಪ್ಯಾನಲ್ಲಿನಲ್ಲಿ ಒಂದು ಕಡೆ 700 ದಾಟಿತು. ಅಷ್ಟು ಬಂದರೆ ಒಳಗೆ ಡೆಂಟ್ ತುಂಬಿದ ಪುಟ್ಟಿ ಇದೆ ಅಂತಲೇ ಲೆಕ್ಕ.

ಅವರ ಮುಖ ನೋಡಿದೆ. ಭಾಯ್ ಮೊದಲೇ ಹೇಳಿಕೊಟ್ಟಿದ್ದರು: ನಂಬರ್ ಹೇಳು, ಕಥೆ ಕಟ್ಟಬೇಡ.

"ಸಾರ್, ಈ ಡೋರು ಇನ್ನೊಂದು ಸಲ ಪೇಂಟ್ ಆಗಿದೆ. ಪಕ್ಕದ್ದರಲ್ಲಿ ಪುಟ್ಟಿ ಕೆಲಸ ಆಗಿರೋ ಹಂಗಿದೆ."

"ಏನ್ರೀ, ಒರಿಜಿನಲ್ ಪೇಂಟ್ ಅಂತ ಹೇಳಿ ಕೊಟ್ಟಿದ್ದಾರೆ ನಮಗೆ. ನಿಮ್ ಮೀಟರ್ ಸರಿ ಇದ್ಯಾ?"

ಮೀಟರ್ ಜೊತೆ ಬರುವ ಅಳತೆ ಪಟ್ಟಿಯ ಮೇಲೆ ಇಟ್ಟು ತೋರಿಸಿದೆ. ನಮ್ಮ ಮಾಲೀಕರ ಕಾರಿನ ಮೇಲೂ ಇಟ್ಟು ತೋರಿಸಿದೆ. ಅವರು ಫೋನ್ ಹಿಡಿದು ಹೊರಗೆ ಹೋದರು, ಮಾರಿದವರಿಗೆ ಬೈಯೋಕೆ. ಹೆಂಡತಿ ಅಲ್ಲೇ ನಿಂತು ಒಂದು ಮಾತು ಕೇಳಿದರು. "ಹಾಗಾದ್ರೆ ಈ ಡೋರಿಗೆ ಬೇರೆ ಥರ ಮಾಡ್ಬೇಕಾ?"

ಎಷ್ಟೋ ಹುಡುಗರಿಗೆ ಹೊಳೆಯದ ಪ್ರಶ್ನೆ ಅದು. ಹೌದು ಮೇಡಂ ಅಂದೆ. ಫ್ಯಾಕ್ಟರಿಯಲ್ಲಿ ಬರೀ ತಗಡಿನ ಬಾಡಿಯನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಆಮೇಲೆ ಪೇಂಟ್ ಮಾಡುವಾಗ ಸೀಟು, ವೈರು, ರಬ್ಬರ್ ಎಲ್ಲಾ ಇರೋದರಿಂದ 60 ಡಿಗ್ರಿ ಹತ್ತಿರಕ್ಕೇ ನಿಲ್ಲಬೇಕು. ಪೇಂಟೂ ಬೇರೆ ಜಾತಿ, ಸಾಮಾನ್ಯವಾಗಿ ಮೆತ್ತಗಿರುತ್ತೆ. ದಪ್ಪ ಜಾಸ್ತಿ ಇದೆ ಅಂತ ಉಜ್ಜುತ್ತಾ ಹೋದರೆ ಎಲ್ಲಿ ಕ್ಲಿಯರ್ ಮುಗಿದು ಬಣ್ಣ ಶುರುವಾಗುತ್ತೆ ಅಂತ ಹೇಳೋಕಾಗಲ್ಲ. ಹೊಸ ಪೇಂಟಾಗಿದ್ದರೆ ಒಳಗಿನ ಥಿನ್ನರ್ ಆರಲು ಬಿಡಬೇಕು, ಕೋಟಿಂಗ್ ಹಾಕಿ ಮುಚ್ಚಬಾರದು. ಆ ಡೋರಿಗೆ ಮೆತ್ತನೆ ಪ್ಯಾಡಿನಲ್ಲಿ ಅಂಗೈ ಅಗಲ ಟೆಸ್ಟ್ ಮಾಡಿದೆ. ಆಮೇಲೆ ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒರೆಸಿ ಅವರಿಗೆ ಟಾರ್ಚ್ ಹಿಡಿದು ತೋರಿಸಿದೆ. ಈ ಒರೆಸುವುದು ಮುಖ್ಯ. ಕೆಲವು ಪಾಲಿಶ್‌ಗಳಲ್ಲಿ ಗೀರು ತುಂಬುವ ಎಣ್ಣೆ ಇರುತ್ತೆ. ಡೆಲಿವರಿ ದಿನ ಕನ್ನಡಿ ಹಾಗೆ ಕಾಣುತ್ತೆ, ನಾಲ್ಕು ಸಲ ತೊಳೆದರೆ ಗೀರೆಲ್ಲ ವಾಪಸ್. ಎಣ್ಣೆ ತೆಗೆದು ತೋರಿಸುವವನು ತನ್ನ ಕೆಲಸವನ್ನು ತಾನೇ ಬಯಲಿಗಿಡುತ್ತಾನೆ.

ಗಂಡ ವಾಪಸ್ ಬಂದು ಸಹಿ ಹಾಕಿದರು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಆ ಕಾರ್ಡ್ ಇಲ್ಲದಿದ್ದರೆ ಅದೇ ಡೋರಿಗೆ ಆರು ತಿಂಗಳಾದ ಮೇಲೆ ನಾವು ಜವಾಬು ಹೇಳಬೇಕಿತ್ತು.

ಇನ್ನೊಂದು ಕಾರಿನ ವಿಷಯ ಹೇಳಲೇಬೇಕು. ಜಯನಗರದ ಒಬ್ಬ ಹಿರಿಯರು, ರಿಟೈರ್ ಆದವರು, ತಮ್ಮ ಕೆಂಪು ಮಾರುತಿ 800 ತಂದರು. ತೊಂಬತ್ತರ ದಶಕದ ಗಾಡಿ, ಮೊದಲ ಮಾಲೀಕರು ಅವರೇ. ಮೊಮ್ಮಗ ಹೇಳಿದ್ದಾನೆ, ಸೆರಾಮಿಕ್ ಹಾಕಿಸಬೇಕಂತೆ. ದುಡ್ಡು ಎಷ್ಟಾದರೂ ಪರವಾಗಿಲ್ಲ ಅಂದರು. ಇಂಥ ಹಳೇ ಗಾಡಿಗಳ ಪೇಂಟ್ ಎಷ್ಟೋ ಸಲ ಸಿಂಗಲ್ ಸ್ಟೇಜ್, ಮೇಲೆ ಬೇರೆ ಕ್ಲಿಯರ್ ಕೋಟೇ ಇರಲ್ಲ. ಮೂಲೆಯಲ್ಲಿ ಕೈಯಿಂದ ಸ್ವಲ್ಪ ಪಾಲಿಶ್ ಉಜ್ಜಿದೆ, ಬಟ್ಟೆಗೆ ಕೆಂಪು ಹತ್ತಿತು. ಅವರಿಗೆ ಗಾಬರಿ. "ಬಣ್ಣ ಹೋಯ್ತಲ್ಲಪ್ಪಾ!" ನೀಲಿ ಬಾನೆಟ್ಟಿನಲ್ಲಿ ಇದೇ ಅಪಾಯದ ಗುರುತು. ಇಲ್ಲಿ ಹೀಗೆ ಬರೋದೇ ಸಹಜ. ಆದರೆ ಛಾವಣಿಯ ಮೇಲೆ ಮೀಟರ್ 70ಕ್ಕೂ ಕಮ್ಮಿ ತೋರಿಸಿತು. ವರ್ಷಗಟ್ಟಲೆ ಪ್ರೀತಿಯಿಂದ ಉಜ್ಜಿ ಉಜ್ಜಿ ಅವರೇ ಅರ್ಧ ಸವೆಸಿದ್ದರು.

"ಸಾರ್, ಇದಕ್ಕೆ ಸೆರಾಮಿಕ್ ಬೇಡ. ಅದಕ್ಕಿಂತ ಮುಂಚೆ ಮಾಡೋ ಪಾಲಿಶಿಂಗ್ ತಡ್ಕೊಳೋ ಅಷ್ಟು ಪೇಂಟ್ ಉಳಿದಿಲ್ಲ. ಕೈಯಲ್ಲಿ ವ್ಯಾಕ್ಸ್ ಹಾಕ್ಕೊಡ್ತೀನಿ. ಮೂರು ತಿಂಗಳಿಗೊಂದು ಸಲ ಹಾಕಿದ್ರೆ ಸಾಕು."

ಮೂವತ್ತು ಸಾವಿರದ ಕೆಲಸ ಎರಡು ಸಾವಿರಕ್ಕೆ ಇಳಿಯಿತು. ನಮ್ಮ ಮಾಲೀಕರು ಆವತ್ತು ಮಾತಾಡಲಿಲ್ಲ. ಅವರ ಕೋಪದಲ್ಲೂ ನ್ಯಾಯ ಇತ್ತು ಅನ್ನಿ, ತಿಂಗಳ ಕೊನೆ ಬೇರೆ. ಭಾಯ್ ಮಾತ್ರ ಚಹಾ ತರಿಸಿದರು. ಬೇಡ ಅನ್ನೋದಕ್ಕೂ ಅಂಗಡಿಯಲ್ಲಿ ಜಾಗ ಇರಬೇಕು, ಇಲ್ಲದಿದ್ದರೆ ಎಷ್ಟು ಕೈಚಳಕ ಇದ್ದರೂ ಅದು ಬರೀ ಮಾರಾಟ.

ಮಾರಾಟದ ಮಾತು ಬಂತಲ್ಲ, ಈ ಸೆರಾಮಿಕ್ ಬಗ್ಗೆ ಹೇಳುವ ಸುಳ್ಳಿಗೆ ಲೆಕ್ಕ ಇಲ್ಲ. 9ಎಚ್ ಅಂತ ಬೋರ್ಡ್ ಹಾಕಿ ಬಾನೆಟ್ ಮೇಲೆ ಬೆಂಕಿ ಹಚ್ಚಿ ತೋರಿಸುತ್ತಾರೆ. 9ಎಚ್ ಅನ್ನೋದು ಪೆನ್ಸಿಲ್ ಗಟ್ಟಿತನದ ಅಳತೆ, ವಜ್ರದ್ದಲ್ಲ. ಕೀಲಿಕೈಯಲ್ಲಿ ಎಳೆದರೆ ಗೀರು ಬೀಳುತ್ತೆ. ನೀರು ಜಾರುತ್ತೆ, ಹಕ್ಕಿ ಹಿಕ್ಕೆ ಬೇಗ ಬಿಡುತ್ತೆ, ತೊಳೆಯೋದು ಸುಲಭ ಆಗುತ್ತೆ. ನಿಜವಾಗಿ ಸಿಗೋದು ಇಷ್ಟು. ಕಲ್ಲೇಟು ತಡೆಯಬೇಕಾದರೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಬೇಕು, ಅದು ಸುಮಾರು 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್. ಅದರ ಖರ್ಚು ಬೇರೆ. ಇಷ್ಟನ್ನು ಮೊದಲೇ ಹೇಳಿದರೆ ಕೆಲವರು ಎದ್ದು ಹೋಗುತ್ತಾರೆ. ಹೋದವರು ಇನ್ನೊಂದು ಕಡೆ "ಲೈಫ್‌ಟೈಮ್" ಕೋಟಿಂಗ್ ಹಾಕಿಸಿಕೊಂಡು, ಒಂದೂವರೆ ವರ್ಷಕ್ಕೆ ನಮ್ಮ ಹತ್ತಿರವೇ ಬಂದದ್ದೂ ಇದೆ.

ಕೋಟಿಂಗ್ ಹಾಕೋದರಲ್ಲಿ ಹವೆ ನೋಡಬೇಕು. ಜೂನ್ ಜುಲೈನಲ್ಲಿ ಗಾಳಿಯಲ್ಲಿ ತೇವ ಇದ್ದಾಗ ಒಂದು ಲೆಕ್ಕ, ಮಾರ್ಚ್ ಮಧ್ಯಾಹ್ನದ ಸೆಕೆಗೆ ಇನ್ನೊಂದು ಲೆಕ್ಕ. ಹಚ್ಚಿದ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡುತ್ತೆ, ಆಗ ಒರೆಸಬೇಕು. ತಡ ಆದರೆ ಅಲ್ಲೇ ಗಟ್ಟಿಯಾಗಿ ಕಲೆ ನಿಲ್ಲುತ್ತೆ, ತೆಗೆಯೋಕೆ ಮತ್ತೆ ಪಾಲಿಶ್. ಆಮೇಲೆ ಒಂದು ದಿನವಾದರೂ ನೀರು ತಾಗಬಾರದು. ಬೆಂಗಳೂರಿನಲ್ಲಿ ಸಂಜೆ ಮಳೆ ಬರಲ್ಲ ಅಂತ ನೆಚ್ಚಿಕೊಂಡು ಯಾರೂ ಕೋಟಿಂಗ್ ಆದ ಕಾರನ್ನು ರಸ್ತೆಗೆ ಬಿಡಬಾರದು. ಗಿರಾಕಿ ಎಷ್ಟೇ ಗೋಗರೆದರೂ ರಾತ್ರಿ ಒಳಗೇ ಇರಬೇಕು.

ದುಡ್ಡಿನ ಲೆಕ್ಕ ಕಲಿಯೋದು ನನಗೆ ಎಲ್ಲಕ್ಕಿಂತ ಕಷ್ಟ ಆಯಿತು. ಭಾನುವಾರದ ಕೆಲಸಕ್ಕೆ ಬೆಲೆ ಕಟ್ಟಿದವನಲ್ಲ ನಾನು. ಇಲ್ಲಿ ಪ್ಯಾಡ್ ಸವೆಯೋದು, ಬಟ್ಟೆ ಒಗೆಯೋದು, ಕರೆಂಟು, ಬಾಡಿಗೆ, ಹುಡುಗರ ಸಂಬಳ, ನೀರಿನ ಟ್ಯಾಂಕರ್, ಇನ್ಶೂರೆನ್ಸ್, ಎಲ್ಲಾ ಗಂಟೆಗೆ ಹಂಚಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. ಫೋನಿನಲ್ಲಿ ರೇಟ್ ಹೇಳಲ್ಲ, ಕಾರು ನೋಡದೆ ಹೇಳಿದ ರೇಟು ಒಂದೋ ಅವರಿಗೆ ಮೋಸ, ಇಲ್ಲ ನಮಗೆ. ಇನ್ನು ಇಂಟೀರಿಯರ್. ಸೀಟಿನ ಸಂದಿಗೆ ಇಳಿದ ಸಾಂಬಾರಿನ ವಾಸನೆ ಬಗ್ಗೆ ನಾನು ಇಲ್ಲಿ ಬರೆಯಲ್ಲ, ಊಟದ ಹೊತ್ತಿಗೆ ಯಾರಾದರೂ ಓದುತ್ತಿರಬಹುದು.

ಸರ್ಟಿಫಿಕೇಟ್ ಇದೆಯಾ ಅಂತಲೂ ಕೇಳುತ್ತಾರೆ. ಅಮೆರಿಕದ ಇಂಟರ್‌ನ್ಯಾಷನಲ್ ಡಿಟೇಲಿಂಗ್ ಅಸೋಸಿಯೇಷನ್ ಎರಡು ಹಂತದಲ್ಲಿ ಕೊಡುತ್ತೆ. ಮೊದಲನೆಯದು ತಿಳಿವಳಿಕೆಯ ಪರೀಕ್ಷೆ, ಎರಡನೆಯದು ಕೈಯಲ್ಲಿ ಮಾಡಿ ತೋರಿಸೋದು. ಚೆನ್ನಾಗಿದೆ, ಓದಿದರೆ ಕೆಮಿಕಲ್‌ಗಳ ಬಗ್ಗೆ ಬುದ್ಧಿ ಬರುತ್ತೆ. ಭಾಯ್ ಹತ್ತಿರ ಅದಿಲ್ಲ. ಕೋಟಿಂಗ್ ಕಂಪನಿಗಳು ಎರಡು ದಿನ ಟ್ರೈನಿಂಗ್ ಕೊಟ್ಟು ಫ್ರೇಮ್ ಹಾಕಿ ಕೊಡುವ ಕಾಗದವೂ ಒಂದು ಸರ್ಟಿಫಿಕೇಟೇ. ಗೋಡೆ ನೋಡಿ ನಿರ್ಧಾರ ಮಾಡಬೇಡಿ. ನಿಮ್ಮ ಕಾರಿಗೆ ಮೀಟರ್ ಇಟ್ಟರಾ, ನಂಬರ್ ಬರೆದುಕೊಂಡರಾ ನೋಡಿ.

ಹವ್ಯಾಸದಿಂದ ಈ ಕಡೆ ಬರಬೇಕು ಅನ್ನುವವರು ಆಗಾಗ ಸ್ಟುಡಿಯೋಗೆ ಬರುತ್ತಾರೆ. ಹೊಸ ಮೆಷಿನ್ ತಗೊಳ್ಳೋ ದುಡ್ಡಲ್ಲಿ ಮೊದಲು ಮೀಟರ್ ತಗೊಳ್ಳಿ ಅಂತೀನಿ. ಗುಜರಿಯಿಂದ ಎರಡು ಬಾನೆಟ್ ತಂದು ಸುಡಿ. ಆಮೇಲೆ ಪರಿಚಯವೇ ಇಲ್ಲದವರ ಕಾರನ್ನು, ಸಂಜೆ ಐದಕ್ಕೆ ಕೊಡ್ತೀನಿ ಅಂತ ಮಾತು ಕೊಟ್ಟು ಮಾಡಿ ನೋಡಿ. ನಮ್ಮಲ್ಲಿ ಬಂದು ನಿಂತು ನೋಡೋಕೂ ಅಡ್ಡಿಯಿಲ್ಲ. ಆಯುಧ ಪೂಜೆ ವಾರ ಮಾತ್ರ ಬೇಡ. ಹಬ್ಬಕ್ಕೆ ಮುಂಚೆ ಎಲ್ಲರಿಗೂ ಇವತ್ತೇ ಆಗಬೇಕು. ಹಬ್ಬ ಆದ ಮರುದಿನ ಅದೇ ಕಾರುಗಳು ಬಾನೆಟ್ ಮೇಲೆ ಒದ್ದೆ ಕುಂಕುಮ ಒಣಗಿಸಿಕೊಂಡು, ಬಾಳೆಕಂದಿನ ಟೇಪಿನ ಅಂಟು ಹೊತ್ತುಕೊಂಡು ವಾಪಸ್ ಬರುತ್ತವೆ. ಕುಂಕುಮ ಪೇಂಟಿಗೆ ಬೇಡ, ನಂಬರ್ ಪ್ಲೇಟಿಗೆ ಇಡಿ ಅಂತ ಪ್ರತಿ ವರ್ಷ ಹೇಳ್ತೀವಿ. ಯಾರೂ ಕೇಳಲ್ಲ.